ಎಣ್ಣೆಗಾಯಿ ಪಕ್ಕ ಮೂರು ವೈನ್

ಎಣ್ಣೆಗಾಯಿ ಜೊತೆ ಯಾವ ವೈನ್ ಹೊಂದುತ್ತದೆ? ಬಹಳ ದಿನದಿಂದ ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಕಳೆದ ಶನಿವಾರ ಸಂಜೆ ನಮ್ಮ ವೈನ್ ಬಳಗದ ಎಂಟು ಜನ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಬ್ಬರ ಮನೆ ಮಾಳಿಗೆ ಮೇಲೆ ಸೇರಿದೆವು. ದಕ್ಷಿಣ ಆಫ್ರಿಕಾದ ಮೂರು ಬಾಟಲಿ, ತಲಾ 750 ಮಿಲಿ. ಪಕ್ಕದಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಬಿಸಿ ಮಿರ್ಚಿ.

ಮೊದಲು ಬಿಳಿ ವೈನ್, ಚೆನಿನ್ ಬ್ಲಾಂಕ್. ಆ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಳೆಯುವ ವೈನ್ ದ್ರಾಕ್ಷಿ ಇದು. ಅಲ್ಲಿ ಇದಕ್ಕೆ ಸ್ಟೀನ್ ಅಂತಲೂ ಹೆಸರಿದೆ. ಗ್ಲಾಸಿನ ಹೊರಗೆ ತಣ್ಣನೆ ನೀರು ಜಿನುಗುತ್ತಿತ್ತು. ಮೂಗಿನ ಹತ್ತಿರ ತಂದರೆ ದೋರಗಾಯಿ ಪೇರಲದ ವಾಸನೆ. ಒಂದು ತುತ್ತು ಎಣ್ಣೆಗಾಯಿ ತಿಂದು ಗುಟುಕು ಹಾಕಿದೆ. ಬಾಯಲ್ಲಿ ಅಂಟಿದ್ದ ಎಣ್ಣೆಯನ್ನು ಅದರ ಹುಳಿ ತೊಳೆದುಬಿಟ್ಟಿತು. ಖಾರವೂ ತಗ್ಗಿತು. ಮತ್ತೊಂದು ತುತ್ತು ಬೇಕೆನಿಸಿತು. ಊಟದ ಜೊತೆ ಕುಡಿಯುವ ವೈನ್ ಮಾಡಬೇಕಾದ ಕೆಲಸ ಇದೇ ಅಲ್ವಾ?

ಎರಡನೆಯದು ಪಿನೊಟಾಜ್, ಆ ದೇಶದ ಸ್ವಂತ ಕೆಂಪು ತಳಿ. 1925ರಲ್ಲಿ ಸ್ಟೆಲೆನ್‌ಬಾಷ್‌ನಲ್ಲಿ ದ್ರಾಕ್ಷಿ ವಿಜ್ಞಾನಿ ಅಬ್ರಹಾಂ ಪೆರೋಲ್ಡ್ ಪಿನೊ ನ್ವಾರ್ ಮತ್ತು ಸಿನ್ಸೋ ದ್ರಾಕ್ಷಿ ತಳಿಗಳನ್ನು ಸಂಕರ ಮಾಡಿ ಇದನ್ನು ಹುಟ್ಟಿಸಿದರು. ಸಿನ್ಸೋಗೆ ಆಗ ಅಲ್ಲಿ ಹರ್ಮಿಟೇಜ್ ಎನ್ನುತ್ತಿದ್ದರು, ಹೆಸರಿನ ಬಾಲ ಅಲ್ಲಿಂದ ಬಂತು. ನಾವು ಮಾಡಿದ ತಪ್ಪು, ಕೆಂಪು ವೈನ್ ತಾನೇ ಅಂತ ಸುಮ್ನೆ ಹೊರಗೇ ಇಟ್ಟಿದ್ದು. ರೂಮಿನ ಬಿಸಿಯಲ್ಲಿ ಕುಡಿಯಿರಿ ಅನ್ನುತ್ತಾರಲ್ಲ, ಆ ರೂಮು ಯುರೋಪಿನದು, 16ರಿಂದ 18 ಡಿಗ್ರಿ. ನಮ್ಮ ಮಾಳಿಗೆ ಸಂಜೆಯೂ ಕಾದಿತ್ತು. ಮೊದಲ ಗುಟುಕಿಗೆ ಬರೀ ಆಲ್ಕೋಹಾಲ್ ಘಾಟು. ಮಿರ್ಚಿ ಕಚ್ಚಿ ಕುಡಿದರೆ ನಾಲಿಗೆ ಉರಿ ಇಮ್ಮಡಿ.

ಬಾಟಲಿಯನ್ನು 20 ನಿಮಿಷ ಫ್ರಿಜ್‌ನಲ್ಲಿಟ್ಟೆವು. ಈಗ ಅದು ಬೇರೆಯೇ ವೈನ್! ನೇರಳೆ ಹಣ್ಣು, ಹಿಂದೆಯೇ ಸಣ್ಣ ಹೊಗೆಯ ವಾಸನೆ. ಹಂಚಿನ ಮೇಲೆ ಚೂರು ಸೀದ ರೊಟ್ಟಿಯ ಅಂಚಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು ಕುಡಿದೆ. ಆ ಸಂಜೆ ನನಗೆ ಅತಿ ಇಷ್ಟವಾದ ತುತ್ತು ಅದೇ. ಎಣ್ಣೆಗಾಯಿಗೆ ಮಾತ್ರ ಈಗಲೂ ಚೆನಿನ್ನೇ ಸೈ.

ಮೂರನೆಯದೂ ಕೆಂಪು, ಕ್ಯಾಬರ್ನೆ ಸೊವಿನ್ಯೋಂ, ಮೂರರಲ್ಲಿ ದುಬಾರಿ. ವೈನ್ ಒಳ್ಳೆಯದೇ, ನಮ್ಮ ತಾಟಿಗೆ ಸರಿಯಲ್ಲ. ಬಾಳೆಕಾಯಿ ಕಚ್ಚಿದ ಹಾಗೆ ಒಗರು, ಖಾರ ಸೇರಿದರೆ ಕಹಿ.

ಒಂಬತ್ತೂವರೆಗೆ ಎದ್ದಾಗ ಚೆನಿನ್ ಬಾಟಲಿ ಬರಿದಾಗಿತ್ತು. ಪಿನೊಟಾಜ್ ತಳದಲ್ಲಿ ಒಂದು ಗುಟುಕು. ಕ್ಯಾಬರ್ನೆ ಅರ್ಧ ಹಾಗೇ ಉಳಿದಿತ್ತು.