ಬ್ಯಾಂಕಾಕ್ ಸುತ್ತಾಟ: ಟ್ಯಾಕ್ಸಿಯೋ, ಮೆಟ್ರೊವೋ, ದೋಣಿಯೋ?

ಬ್ಯಾಂಕಾಕಿನ ಅರಮನೆ, ವಾಟ್ ಫೋ ಮತ್ತು ವಾಟ್ ಅರುಣ್ ದೇವಾಲಯಗಳು ಚಾವ್ ಫ್ರಾಯ ನದಿಯ ಆಸುಪಾಸಿನಲ್ಲಿಯೇ ಇರುವುದರಿಂದ, ನದಿಯಿಂದ ದೂರದ ಸುಖುಮ್ವಿತ್ ಪ್ರದೇಶದ ಕಡೆ ತಂಗುವವರು ಮೊದಲು ಯೋಚಿಸಬೇಕಾದದ್ದು ಅಲ್ಲಿಗೆ ಹೋಗುವ ದಾರಿಯನ್ನು.

ಟ್ಯಾಕ್ಸಿಯಲ್ಲಿ ತಂಪಾಗಿ ಕುಳಿತಿರಬಹುದು, ಆದರೆ ಕುಳಿತೇ ಇರಬೇಕಾಗುತ್ತದೆ. ಒಂದೇ ಸಿಗ್ನಲ್ಲಿನಲ್ಲಿ ನಿಮಿಷಗಟ್ಟಲೆ ನಿಂತು, ಮೋಟಾರ್‌ಸೈಕಲ್ಲುಗಳು ಸಂದಿಯಲ್ಲಿ ನುಸುಳಿ ಮುಂದೆ ಹೋಗುವುದನ್ನು ನೋಡುವುದೇ ಅಲ್ಲಿನ ಪ್ರೇಕ್ಷಣೆ. ಮೀಟರ್ ಹಾಕಲೊಪ್ಪದ ಚಾಲಕರೂ ಇದ್ದಾರೆ.

1999ರಲ್ಲಿ ಆರಂಭವಾದ, ಎತ್ತರಿಸಿದ ಹಳಿಯ ಮೇಲೆ ಓಡುವ ಸ್ಕೈಟ್ರೇನ್ ಅರಮನೆಯಿರುವ ಹಳೆಯ ನಗರದೊಳಕ್ಕೆ ಹೋಗುವುದಿಲ್ಲ. ಆ ಕೊರತೆಯನ್ನು 2019ರಲ್ಲಿ ತೆರೆದ, ಮೆಟ್ರೊ ನೀಲಿ ಮಾರ್ಗದ ಸನಮ್ ಚೈ ನಿಲ್ದಾಣ ತುಂಬಿದೆ. ಅಲ್ಲಿಂದ 46 ಮೀಟರ್ ಉದ್ದದ ಶಯನ ಬುದ್ಧನಿರುವ ವಾಟ್ ಫೋ ಕಾಲ್ನಡಿಗೆಯ ದೂರ. ವಯಸ್ಸಾದವರು ಜೊತೆಗಿದ್ದರೆ ಇದೇ ಲೇಸು.

ಉಳಿದವರಿಗೆ ನನ್ನ ಮತ ದೋಣಿಗೆ. ಸ್ಕೈಟ್ರೇನಿನ ಸಫಾನ್ ತಾಕ್ಸಿನ್ ನಿಲ್ದಾಣದಲ್ಲಿಳಿದು, ಪಕ್ಕದ ಸಾಥೋರ್ನ್ ದೋಣಿಕಟ್ಟೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿದರೆ, ಅಗ್ಗದ ಟಿಕೆಟ್ಟಿನಲ್ಲಿ ಅರಮನೆಯ ಬಳಿಯ ಥಾ ಚಾಂಗ್ ಕಟ್ಟೆ ತಲುಪಬಹುದು. ಹಿಂಬದಿಯಲ್ಲಿ ನಿಂತ ಸಹಾಯಕ ಸಿಳ್ಳೆ ಹಾಕಿ ದೋಣಿಯನ್ನು ಕಟ್ಟೆಗೆ ಒತ್ತರಿಸಿದೊಡನೆ ಇಳಿಯಬೇಕು, ಏಕೆಂದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರಮನೆಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಕಡ್ಡಾಯ.