‘ಮತ್ತೆ ಶಾರ್ಟಾ?’ ಅಂತ ಇಡೀ ಮಹಡಿ ಕೂಗೋ ಕೆಫೆ

ಮೈಸೂರಲ್ಲಿ ಕ್ರಿಕೆಟ್ ನೋಡೋಕೆ ಜಾಗ ಹುಡುಕಬೇಕಾಗಿಲ್ಲ. ಟೀ ಅಂಗಡಿ, ಕಟಿಂಗ್ ಶಾಪ್, ಮೊಬೈಲ್ ರಿಪೇರಿ ಅಂಗಡಿ, ಎಲ್ಲಿ ನಿಂತ್ರೂ ಸ್ಕೋರ್ ಗೊತ್ತಾಗುತ್ತೆ. ಫುಟ್‌ಬಾಲ್‌ಗೆ ಹಾಗಲ್ಲ. ಬಾರ್‌ಗಳಲ್ಲಿ ಹಾಕ್ತಾರೆ, ನಿಜ. ಆದರೆ ಶ್ರೀರಂಗಪಟ್ಟಣ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಡಂ ರಾತ್ರಿ ಒಂಬತ್ತಕ್ಕೆ ಬಾರಲ್ಲಿ ಕೂತಿದ್ದಳು ಅಂದ್ರೆ, ಸೋಮವಾರ ಪ್ರಾರ್ಥನೆ ಬೆಲ್ ಹೊಡೆಯೋಕೆ ಮುಂಚೆ ಸುದ್ದಿ ಪಾಲಹಳ್ಳಿ ದಾಟಿರುತ್ತೆ. ಹಾಗಾಗಿ ಸರಸ್ವತಿಪುರಂ ಕಡೆ, ಝೆರಾಕ್ಸ್ ಅಂಗಡಿ ಮೇಲಿನ ಮಹಡೀಲಿರೋ ಈ ಕೆಫೆ ನನ್ನಂಥವರಿಗೆ ದೊಡ್ಡ ಅನುಕೂಲ. ಹೆಸರು ಬರೆಯೋಲ್ಲ. ಇರೋದೇ ನಲವತ್ತು ಕುರ್ಚಿ. ಊರಿಗೆಲ್ಲ ಸಾರಿ ನನ್ನ ಕುರ್ಚಿ ಕಳ್ಕೊಳ್ಳೋ ಅಷ್ಟು ಉದಾರಿ ನಾನಲ್ಲ. ಹುಡುಕೋರಿಗೆ ಸಿಗುತ್ತೆ.

ನಡೆಸೋರು ಗಂಡ ಹೆಂಡತಿ. ಅವರು ಕೇರಳದ ಮಾನಂದವಾಡಿ ಕಡೆಯವರು, ಆಕೆ ಮದ್ದೂರಿನವರು. ಈ ಸಂಬಂಧದ ಲಾಭ ಪೂರಾ ನಮ್ಮ ಹೊಟ್ಟೆಗೆ. ಪೊರೋಟ ತವೆಯಿಂದ ಇಳಿಸಿದ ಮೇಲೆ ಎರಡೂ ಕೈಲಿ ಒತ್ತಿ ಪದರ ಬಿಡಿಸಿಯೇ ತಟ್ಟೆಗೆ ಹಾಕ್ತಾರೆ. ಜೊತೆಗೆ ಬರೋ ಮೊಟ್ಟೆ ರೋಸ್ಟಲ್ಲಿ ಈರುಳ್ಳಿ ಚೆನ್ನಾಗಿ ಕಂದು ಬರೋವರೆಗೂ ಬಾಡಿರುತ್ತೆ, ಟೊಮೇಟೊ ಹಾಕಿ ಗೊಜ್ಜು ಹೆಚ್ಚಿಸೋ ಕಳ್ಳಾಟ ಇಲ್ಲ. ಮದ್ದೂರು ವಡೆ ಸಂಜೆ ಮೇಲೆ ಮಾತ್ರ, ಹಾಫ್ ಟೈಮ್ ಹೊತ್ತಿಗೆ ಖಾಲಿ. ಸುಲೈಮಾನಿಗೆ, ಅಂದ್ರೆ ಹಾಲು ಹಾಕದ ಟೀಗೆ, ಸಕ್ಕರೆ ಒಂದು ಚಮಚ ಕಮ್ಮಿ ಅಂತ ಮೊದಲೇ ಹೇಳ್ಬೇಕು. ಪಾಸ್ತಾ ಅಂತ ಒಂದು ಮಾಡ್ತಾರೆ, ಬೇಡ. ಮ್ಯಾಚ್ ದಿನ ತಲೆಗೆ 100 ರೂಪಾಯಿ ಮುಂಗಡ ಇಸ್ಕೊಳ್ತಾರೆ, ಅದು ಬಿಲ್ಲಲ್ಲಿ ಕಳೆದುಹೋಗುತ್ತೆ. ನ್ಯಾಯವಾಗಿದೆ.

ಪರದೆ ಅಂತ ಇಲ್ಲ, ಬಿಳಿ ಬಣ್ಣ ಬಳಿದ ಗೋಡೆ ಮೇಲೆ ಪ್ರೊಜೆಕ್ಟರ್ ಬಿಡ್ತಾರೆ. ಕತ್ತಲಾದ ಮೇಲೆ ಚಿತ್ರ ಸೊಗಸಾಗಿರುತ್ತೆ, ಸಂಜೆ ಐದರ ಮ್ಯಾಚ್ ಆದ್ರೆ ಮಸುಕು ಮಸುಕು. ದೊಡ್ಡ ತೊಂದರೆ ಬೇರೆ ಇದೆ. ಇಲ್ಲಿ ಇಂಟರ್‌ನೆಟ್ಟಲ್ಲಿ ಬರೋ ಚಿತ್ರ ನಿಜವಾದ ಆಟಕ್ಕಿಂತ ಅರ್ಧ ನಿಮಿಷದಷ್ಟು ಹಿಂದೆ ಇರುತ್ತೆ. ಎದುರಿನ ಪಿ.ಜಿ. ಹುಡುಗರು ಡಿಶ್‌ನಲ್ಲಿ ನೋಡೋದ್ರಿಂದ ನಮಗಿಂತ ಮುಂದಿರ್ತಾರೆ. ನಮ್ಮ ಗೋಡೆ ಮೇಲೆ ಗೋಲಿ, ಅಂದ್ರೆ ಗೋಲ್‌ಕೀಪರ್, ಈಗಿನ್ನೂ ಬಾಲನ್ನ ನೆಲಕ್ಕಿಟ್ಟು ಗ್ಲೌಸ್ ಸರಿಮಾಡ್ಕೊಳ್ತಿರ್ತಾನೆ, ಆ ಕಡೆಯಿಂದ ‘ಥೂ!’ ಅಂತ ಕೇಳಿಸುತ್ತೆ. ಅಲ್ಲಿಗೆ ಮುಗೀತು. ಗೋಲಿ ಪಕ್ಕದವನಿಗೆ ಕೊಡೋದು, ಅವನು ವಾಪಸ್ ಕೊಡೋದು, ಮಧ್ಯದವನ ಕಾಲಿಂದ ಎದುರಾಳಿ ಕಿತ್ಕೊಂಡು ಗೋಲ್ ಹೊಡೆಯೋದು, ಇಷ್ಟಕ್ಕೂ ಸರಿಯಾಗಿ ಅರ್ಧ ನಿಮಿಷವೇ ಹಿಡಿಯೋದು. ಮಾಲೀಕರಿಗೆ ದೂರು ಕೊಟ್ಟೆ. ‘ಕಿಟಕಿ ಮುಚ್ತೀನಿ ಟೀಚರೇ’ ಅಂದ್ರು. ಮುಚ್ಚಿದ್ರು ಕೂಡ. ಈಗ ಸೆಖೆ.

ಇನ್ನು ಜನ. ನಾನು ಈ ಕೆಫೆಗೆ ಹೋಗೋದು ಪೊರೋಟಕ್ಕಿಂತ ಹೆಚ್ಚಾಗಿ ಇವರಿಗೋಸ್ಕರ. ವಯನಾಡು, ಕೋಳಿಕ್ಕೋಡಿನಿಂದ ಇಲ್ಲಿ ಓದೋಕೆ ಬಂದ ಹುಡುಗ ಹುಡುಗಿಯರು ಅರ್ಧ ಹಾಲ್, ಬೈಲುಕುಪ್ಪೆಯ ಟಿಬೆಟನ್ ಹುಡುಗರು ಒಂದು ಟೇಬಲ್, ಉಳಿದದ್ದು ನಮ್ಮೂರವರು. ಹೆಚ್ಚಿನವರು ಇಂಗ್ಲಿಷ್ ಲೀಗಿನ ಒಂದು ಕೆಂಪಂಗಿ ತಂಡದ ಕಡೆ. ಯಾವುದು ಅಂತ ಕೇಳ್ಬೇಡಿ, ಅಲ್ಲಿ ಕೆಂಪಂಗಿಯವರು ಬೇಕಾದಷ್ಟಿದ್ದಾರೆ, ಯಾವುದು ಅಂದ್ಕೊಂಡ್ರೂ ಅದರ ಅಭಿಮಾನಿಗಳು ಹೌದೌದು ಅಂತಾರೆ. ಆ ತಂಡದ ಗೋಲಿ ಗೋಲ್ ಕಿಕ್‌ಗೆ ಅಂತ ಬಾಲ್ ಇಟ್ಟ ತಕ್ಷಣ ಇಬ್ಬರು ಡಿಫೆಂಡರ್‌ಗಳು ಅವನ ಎಡಕ್ಕೊಬ್ಬ ಬಲಕ್ಕೊಬ್ಬ, ದೇವರ ಅಕ್ಕಪಕ್ಕದ ದ್ವಾರಪಾಲಕರ ಥರ ನಿಂತ್ಕೊಳ್ತಾರೆ. ಅಷ್ಟು ಕಂಡದ್ದೇ ತಡ, ನಲವತ್ತು ಕುರ್ಚಿಯಿಂದಲೂ ಒಂದೇ ಸ್ವರ: ‘ಮತ್ತೆ ಶಾರ್ಟಾ?’ ಶಾರ್ಟ್ ಅಂದ್ರೆ ಉದ್ದಕ್ಕೆ ಒದೆಯದೆ ಪಕ್ಕದವನಿಗೇ ಕೊಡೋದು. ಮಲಯಾಳಿ ಹುಡುಗರೂ ಈಗ ಇದನ್ನ ಕನ್ನಡದಲ್ಲೇ ಕೂಗ್ತಾರೆ. ಪೊರೋಟ ಹಾಕೋ ಹುಡುಗ ತವೆ ಮುಂದಿಂದಲೇ ಕೂಗ್ತಾನೆ, ಅವನಿಗೆ ಗೋಡೆ ಕಾಣೋದೂ ಇಲ್ಲ.

ಈ ಶಾರ್ಟ್ ಆಟಕ್ಕೆ ಒಂದು ಹುಟ್ಟಿದ ತಾರೀಕಿದೆ, ಅದನ್ನ ಅಲ್ಲಿ ಬಹಳ ಜನಕ್ಕೆ ನಾನೇ ಹೇಳಿದ್ದು. 1992ರಲ್ಲಿ ಬಂದ ನಿಯಮದಿಂದ, ತನ್ನ ತಂಡದವನು ಬೇಕಂತಲೇ ಕಾಲಲ್ಲಿ ಕೊಟ್ಟ ಬಾಲನ್ನ ಗೋಲಿ ಕೈಲಿ ಹಿಡಿಯೋ ಹಾಗಿಲ್ಲ ಅಂತಾಯ್ತು. ಅಲ್ಲಿಂದ ಗೋಲಿಗಳು ಕಾಲಾಟ ಕಲೀಬೇಕಾಯ್ತು. ಆದರೂ ಗೋಲ್ ಕಿಕ್ ಪೆನಾಲ್ಟಿ ಬಾಕ್ಸ್ ದಾಟಿ ಆಚೆ ಹೋಗೋವರೆಗೂ ಯಾರೂ ಮುಟ್ಟೋ ಹಾಗಿರಲಿಲ್ಲ. 2019ರಲ್ಲಿ ಅದನ್ನೂ ಸಡಿಲಿಸಿದ್ರು. ಈಗ ಬಾಲ್ ಒದ್ದು ಅಲುಗಿದ್ರೆ ಸಾಕು, ಆಟ ಶುರು. ಸ್ವಂತ ತಂಡದವನು ಬಾಕ್ಸ್ ಒಳಗೇ ನಿಂತು ತಗೋಬಹುದು. ಎದುರಾಳಿ ಮಾತ್ರ ಅಲ್ಲೀವರೆಗೂ ಬಾಕ್ಸ್ ಆಚೆ ಕಾಯ್ತಿರಬೇಕು. ಉದ್ದೇಶ ಕೆಟ್ಟದ್ದಲ್ಲ. ನೀನು ಹಿಂದೆ ಶಾರ್ಟಾಗಿ ಆಡಿದ್ರೆ ಎದುರಾಳಿ ಆಸೆಪಟ್ಟು ಮುಂದೆ ನುಗ್ತಾನೆ, ಅವನ ಬೆನ್ನ ಹಿಂದೆ ಜಾಗ ಖಾಲಿಯಾಗುತ್ತೆ, ಆ ಜಾಗಕ್ಕೆ ಓಡು. ಅಷ್ಟೇ ಯೋಜನೆ. ನಮ್ಮ ಕೆಂಪಂಗಿಯವರು ಈ ಯೋಜನೆಯ ಮೊದಲ ಅರ್ಧವನ್ನ ನಿಷ್ಠೆಯಿಂದ ಮಾಡ್ತಾರೆ. ಆ ಜಾಗಕ್ಕೆ ಓಡೋ ಕೆಲಸ ಯಾರದ್ದು ಅಂತ ಇನ್ನೂ ತೀರ್ಮಾನ ಆದ ಹಾಗಿಲ್ಲ.

ಶಾರ್ಟ್ ಕಾರ್ನರ್ ಇನ್ನೂ ಸಂಕಟ. ಆರಡಿ ಎತ್ತರದ ನಾಲ್ಕು ಜನ ಗೋಲ್ ಮುಂದೆ ಬಂದು ನಿಂತಿರ್ತಾರೆ, ಇವನು ಪಕ್ಕದವನಿಗೆ ಎರಡು ಗಜದಲ್ಲಿ ತಳ್ಳಿ ಅಲ್ಲೇ ಬಾವುಟದ ಹತ್ತಿರ ನಿಂತುಬಿಡ್ತಾನೆ. ಕಾರ್ನರ್ ಕಿಕ್ಕಿಂದ ನೇರವಾಗಿ ಬಾಲ್ ಪಡೆದವನಿಗೆ ಆಫ್‌ಸೈಡ್, ಅಂದ್ರೆ ಡಿಫೆಂಡರ್‌ಗಳಿಗಿಂತ ಗೋಲ್ ಹತ್ತಿರ ನಿಂತು ಬಾಲ್ ಪಡೆದ ತಪ್ಪು, ಇಲ್ಲ. ಗೋಲ್ ಕಿಕ್, ಥ್ರೋ-ಇನ್‌ಗೂ ಇರೋ ವರ ಅದು. ಪಕ್ಕದವನು ಮುಟ್ಟಿದ ಕ್ಷಣ ಆ ವರ ಮುಗೀತು. ಕಿಕ್ ಹೊಡೆದವನು ಇನ್ನೂ ಗೋಲ್ ಗೆರೆಗೆ ಅಂಟ್ಕೊಂಡೇ ಇರ್ತಾನೆ, ಡಿಫೆಂಡರ್‌ಗಳು ನಾಲ್ಕು ಹೆಜ್ಜೆ ಮುಂದೆ ಬಂದುಬಿಟ್ಟಿರ್ತಾರೆ, ಬಾಲ್ ಅವನಿಗೇ ವಾಪಸ್ ಬರುತ್ತೆ, ಲೈನ್ಸ್‌ಮನ್ ಬಾವುಟ ಮೇಲೇಳುತ್ತೆ. ಇದನ್ನ ಸಂಬಳ ತಗೊಂಡು ಆಡೋರು ಮಾಡಿದ್ದನ್ನ ಈ ಕಣ್ಣಲ್ಲಿ ನೋಡಿದ್ದೀನಿ. ನಮ್ಮ ಒಂಬತ್ತನೇ ಕ್ಲಾಸಿನ ಹುಡುಗರು ವಲಯ ಮಟ್ಟದಲ್ಲಿ ಹೀಗೆ ಮಾಡಿದ್ರೆ ನಾನು ಗ್ರೌಂಡಿಗೆ ಎರಡು ರೌಂಡ್ ಓಡಿಸ್ತೀನಿ.

ನಾನು ಮೂಲತಃ ಖೋ ಖೋದವಳು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದರಲ್ಲ, ಆ ಸೀಮೆ ಆಟ. ಅಟ್ಟೋಳಿಗೆ ನಾವು ಹೇಳಿಕೊಡೋ ಮೊದಲ ಪಾಠವೇ ಇದು: ಒಂದೆರಡು ಖೋ ಪಕ್ಕದಲ್ಲೇ ಕೊಡು, ಓಡೋಳು ‘ಇವಳು ಇಷ್ಟೇ’ ಅಂದ್ಕೊಳ್ಳಲಿ, ಆಮೇಲೆ ಖೋ ಕೊಡದೆ ಪೋಲ್‌ವರೆಗೂ ಅಟ್ಟಿಸ್ಕೊಂಡು ಹೋಗು. ಸಣ್ಣ ಖೋ ಇರೋದೇ ದೊಡ್ಡ ಓಟಕ್ಕೆ ದಾರಿ ಮಾಡೋಕೆ. ಬರೀ ಪಕ್ಕದಲ್ಲೇ ಕೊಡ್ತಾ ಹೋದ್ರೆ ಓಡೋಳಿಗೆ ತಾಳ ಸಿಕ್ಕಿಬಿಡುತ್ತೆ, ಅವಳು ಕುಣೀತಾ ಕುಣೀತಾ ಟೈಮ್ ಮುಗಿಸ್ತಾಳೆ. ಕೋಟಿಗಟ್ಟಲೆ ಕೊಟ್ಟು ಕೋಚ್ ತರಿಸೋರಿಗೆ ಇದನ್ನ ಹೇಳೋಕೆ ಕುರುಬೂರಿಂದ ಜನ ಹೋಗ್ಬೇಕಾ?

ಲೀಗ್‌ಗೆ ಬಿಡುವಿರೋ ವಾರಗಳಲ್ಲಿ ಮಾಲೀಕರು ಹಳೇ ಮ್ಯಾಚನ್ನ ಪೂರ್ತಿ ಹಾಕ್ತಾರೆ. ಯಾವುದು ಅಂತ ಹಾಲಲ್ಲೇ ಕೈ ಎತ್ತಿಸಿ ಕೇಳ್ತಾರೆ. ಇದು ನನಗೆ ಈ ಕೆಫೆಯ ಅತಿ ಒಳ್ಳೇ ಸೇವೆ ಅನ್ಸುತ್ತೆ, ಅವತ್ತು ಮುಂಗಡವೂ ಇಲ್ಲ. ಈಚೆಗೆ ಸ್ಪೇನ್ ಮತ್ತು ಮೊರಾಕೊ ಮ್ಯಾಚ್ ಹಾಕಿಸಿದ್ರು, 2022ರ ಡಿಸೆಂಬರ್ 6ರದ್ದು, ಕತಾರ್ ವಿಶ್ವಕಪ್‌ದು. ಹಾಕಿಸಿದ್ದು ಯಾರು ಅಂತೀರಿ, ಕೆಂಪಂಗಿ ಅಭಿಮಾನಿಗಳೇ. ತಮ್ಮ ನೋವನ್ನ ಇನ್ನೊಬ್ಬರ ಮೈಮೇಲೆ ನೋಡೋ ಚಟ. ಸ್ಪೇನ್ ಅವತ್ತು ಸಾವಿರಕ್ಕೂ ಮೀರಿ ಪಾಸ್ ಕೊಟ್ಟಿತ್ತು. 120 ನಿಮಿಷ ಆದ್ರೂ ಗೋಲ್ ಸೊನ್ನೆ. ಮೊರಾಕೊದವರು ಬಾಲಿನ ಹಿಂದೆ ಓಡಲೇ ಇಲ್ಲ; ಗೋಲ್ ಮುಂದೆ ಎರಡು ಸಾಲು ಕಟ್ಕೊಂಡು, ಅಕ್ಕಪಕ್ಕದ ಜಾಗ ಮುಚ್ಚಿ, ‘ನಿಮಗೆ ಬೇಕಾದಷ್ಟು ಕೊಟ್ಕೊಳ್ಳಿ’ ಅಂತ ನಿಂತ್ರು. ಬಲಕ್ಕೆ, ಹಿಂದಕ್ಕೆ, ಎಡಕ್ಕೆ, ಹಿಂದಕ್ಕೆ. ಫಲಿತಾಂಶ ಎಲ್ಲರಿಗೂ ಗೊತ್ತಿದ್ದರೂ ಹಾಲಲ್ಲಿ ಬೈಗುಳ ನಿಲ್ಲಲಿಲ್ಲ. ಬೈಲುಕುಪ್ಪೆಯ ಒಬ್ಬ ಹುಡುಗ ಅಚ್ಚ ಪಿರಿಯಾಪಟ್ಟಣದ ಕನ್ನಡದಲ್ಲಿ ‘ಮೇಡಂ, ಇವ್ರಿಗೆ ಗೋಲ್ ಎಲ್ಲೈತೆ ಅಂತ ಯಾರಾದ್ರೂ ತೋರ್ಸ್ರೋ’ ಅಂದ. ಕೊನೇ ಗಳಿಗೇಲಿ ಸರಾಬಿಯಾ ಹೊಡೆದದ್ದು ಕಂಬಕ್ಕೆ ಸವರಿ ಹೋಯ್ತು. ಪೆನಾಲ್ಟಿ ಶೂಟೌಟಲ್ಲಿ ಅದೇ ಸರಾಬಿಯಾ ಮತ್ತೆ ಕಂಬಕ್ಕೇ ಹೊಡೆದ. ಸೊಲೆರ್, ಬುಸ್ಕೆಟ್ಸ್ ಹೊಡೆದದ್ದನ್ನ ಗೋಲಿ ಬೂನೂ ತಡೆದ. ಮ್ಯಾಡ್ರಿಡ್‌ನಲ್ಲೇ ಹುಟ್ಟಿದ ಹಕೀಮಿ ಕೊನೇದನ್ನ ಮೆಲ್ಲಗೆ, ಗೋಲ್ ಮಧ್ಯಕ್ಕೆ, ಮಗುವಿನ ಕೈಗೆ ಚೆಂಡು ಕೊಟ್ಟ ಹಾಗೆ ಹಾಕಿದ. 3-0. ಮ್ಯಾಚಿಗೆ ಮುಂಚೆ ಸ್ಪೇನ್ ಕೋಚ್ ಲೂಯಿಸ್ ಎನ್ರಿಕೆ, ಆಟಗಾರರಿಗೆ ಸಾವಿರ ಪೆನಾಲ್ಟಿ ಹೊಡೆದು ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟಿದ್ದೆ ಅಂದಿದ್ರು. ನನ್ನ ಮಕ್ಕಳೂ ಹೋಮ್‌ವರ್ಕ್ ಹೀಗೇ ಮಾಡೋದು.

ಇದು ಮೊದಲನೇ ಸಲವೂ ಅಲ್ಲ. 2018ರ ಜುಲೈ 1ರಂದು ಮಾಸ್ಕೋದಲ್ಲಿ ರಷ್ಯಾ ಮೇಲೂ ಇದೇ ಸ್ಪೇನ್ ಸಾವಿರ ಪಾಸ್ ದಾಟಿ, 1-1 ಮಾಡ್ಕೊಂಡು, ಪೆನಾಲ್ಟಿಯಲ್ಲಿ ಸೋತಿತ್ತು. ಸ್ಪೇನ್‌ಗೆ ಬಂದ ಆ ಒಂದು ಗೋಲೂ ರಷ್ಯಾದವರೇ ತಮ್ಮದೇ ಗೋಲ್ ಒಳಗೆ ಹಾಕ್ಕೊಂಡದ್ದು.

ಅವತ್ತು ಹಾಲಲ್ಲಿ ನನಗೆ ಎದುರು ವಾದ ಹಾಕಿದ್ದು ಒಬ್ಬಳು ಎಂ.ಎಸ್ಸಿ. ಹುಡುಗಿ, ಕಲ್ಪೆಟ್ಟದವಳು. ‘ಚೇಚಿ, 2024ರ ಯೂರೋ ಕಪ್ ಗೆದ್ದದ್ದೂ ಸ್ಪೇನೇ ಅಲ್ವಾ? ಶಾರ್ಟ್ ಪಾಸ್ ಬಿಟ್ರಾ?’ ಬಿಡಲಿಲ್ಲ, ಸರಿ. ಆದರೆ ಆ ತಂಡದ ಎರಡು ಅಂಚಲ್ಲಿ ಲಮೀನ್ ಯಮಾಲ್, ನಿಕೊ ವಿಲಿಯಮ್ಸ್ ಅಂತ ಇಬ್ಬರು ಹುಡುಗರಿದ್ರು, ಬಾಲ್ ಸಿಕ್ಕಿದ್ರೆ ವಾಪಸ್ ಕೊಡೋ ಯೋಚನೇನೇ ಇಲ್ಲದೆ ಎದುರಾಳಿ ಮೇಲೆ ನುಗ್ಗೋರು. ಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ಮೊದಲ ಗೋಲ್ ಬಂದದ್ದೇ ಹಾಗೆ, ಯಮಾಲ್ ಕೊಟ್ಟ, ವಿಲಿಯಮ್ಸ್ ಹೊಡೆದ. ನಾನು ಶಾರ್ಟ್ ಪಾಸ್ ಬೇಡ ಅಂತಿಲ್ಲ ಮಗಳೇ, ಆಮೇಲೇನು ಅಂತ ಕೇಳ್ತಿದ್ದೀನಿ ಅಂದೆ. ಅವಳು ಒಪ್ಪಲಿಲ್ಲ. ವಡೆ ಮಾತ್ರ ಅರ್ಧ ಮುರಿದು ಕೊಟ್ಟಳು.

ನನ್ನ ಕಡೆಯ ಸಾಕ್ಷಿಗೆ ನಾನು ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿಯನ್ನ ಕರೆದೆ. 2025ರ ಏಪ್ರಿಲ್, ಗೋವಾದಲ್ಲಿ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಗೋವಾ 2-0 ಮಾಡಿ ಒಟ್ಟು ಲೆಕ್ಕ ಸಮ ಮಾಡಿತ್ತು. 90 ನಿಮಿಷ ದಾಟಿದ ಮೇಲೆ ಬೆಂಗಳೂರಿಗೆ ಬೇಕಾದ ಗೋಲ್ ಸಿಕ್ಕಿದ್ದು ಅಂಚಿಂದ ಬಂದ ಒಂದು ಕ್ರಾಸಿಗೆ, ನಲವತ್ತು ವರ್ಷದ ಮನುಷ್ಯ ಹಾರಿ ಕೊಟ್ಟ ತಲೆಗೆ. ಫೈನಲ್‌ಗೆ ಹೋದ್ರು. (ಅಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತದ್ದು ಬೇರೆ ಅಧ್ಯಾಯ.) ಒಂದು ಎಚ್ಚರಿಕೆ: ಈ ಕೆಫೇಲಿ ಛೇತ್ರಿ ಹೆಸರು ಎತ್ತೋ ಮುಂಚೆ ಅಕ್ಕಪಕ್ಕ ನೋಡ್ಕೊಳ್ಳಿ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಗೋಡೆ ಥರ ಸಾಲು ಕಟ್ಟೋಕೆ ಮುಂಚೆಯೇ ಅವರು ಫ್ರೀ ಕಿಕ್ ಹೊಡೆದು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಎದ್ದುಹೋದ ಕಥೆ ಇಲ್ಲಿನ ಅರ್ಧ ಹಾಲಿಗೆ ಇನ್ನೂ ಹಸಿ ಗಾಯ. ಮಾಲೀಕರಿಗೂ. ಅವತ್ತು ನನಗೆ ಸುಲೈಮಾನಿ ಬಹಳ ತಡವಾಗಿ ಬಂತು.

ದೂರುಗಳು ಇನ್ನೂ ಇವೆ. ಮೆಟ್ಟಿಲು ಕಡಿದು, ಮಂಡಿ ನೋವಿರೋರಿಗೆ ಕಷ್ಟ. ಕೈ ತೊಳೆಯೋ ಸಿಂಕ್ ಒಂದೇ. ಹೆಂಗಸರಿಗೆ ಬೇರೆ ಶೌಚಾಲಯ ಇದೆ, ಚೊಕ್ಕಟವಾಗಿದೆ, ಇದಕ್ಕೊಂದು ಪೂರ್ತಿ ಅಂಕ. ಸ್ಕೂಟರ್‌ಗೆ ಜಾಗ ಉಂಟು, ಕಾರು ತಂದ್ರೆ ಎರಡು ಕ್ರಾಸ್ ಆಚೆ ನಿಲ್ಲಿಸಿ. ಅಕ್ಟೋಬರ್ ಕೊನೇ ಭಾನುವಾರದಿಂದ ಮಾರ್ಚ್ ಕೊನೆವರೆಗೆ ಇಂಗ್ಲೆಂಡಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿರ್ತಾರೆ, ಇಲ್ಲಿ ಮ್ಯಾಚ್ ಒಂದು ಗಂಟೆ ತಡ. ಒಂಬತ್ತರ ಮ್ಯಾಚ್ ಹತ್ತಕ್ಕೆ ಹೋಗುತ್ತೆ, ಅದನ್ನ ಇವರು ಹಾಕೋಲ್ಲ. ಭಾನುವಾರ ಮದ್ದೂರಿನಾಕೆ ನಾಟಿ ಕೋಳಿ ಸಾರು, ಮುದ್ದೆ ಮಾಡ್ತಾರೆ. ಬೇಕಂದ್ರೆ ಮಧ್ಯಾಹ್ನವೇ ಫೋನ್ ಮಾಡಿ ಹೇಳಿಡಿ.

ಕುರ್ಚಿ ಕಾದಿರಿಸುವಾಗ ಕಿಟಕಿ ಪಕ್ಕದ ಸಾಲು ಕೇಳಿ. ಹಾಲ್ ಮಧ್ಯದಲ್ಲಿ ಒಂದು ಪಿಲ್ಲರ್ ಇದೆ. ಅದರ ಹಿಂದಿನ ಟೇಬಲ್‌ಗೆ ಕೂತ್ರೆ ಗೋಡೆಯ ಬಲತುದಿಯ ಕಾರ್ನರ್ ಬಾವುಟ ಕಾಣೋದಿಲ್ಲ. ಆ ಟೇಬಲ್‌ಗೆ ಮಾಲೀಕರು ಹತ್ತು ರೂಪಾಯಿ ಕಮ್ಮಿ ಮಾಡಿದ್ರು. ಈಗ ಕೆಂಪಂಗಿ ಹುಡುಗರು ಬಂದ ತಕ್ಷಣ ಅದನ್ನೇ ಕೇಳ್ತಾರೆ, ಹತ್ತು ರೂಪಾಯಿಗಲ್ಲ.