ಪಿಎಸ್‌2 ಗೇಮ್‌ಗಳಿಗೆ ಹಾರ್ಡ್‌ಡಿಸ್ಕೋ, ಪೆನ್‌ಡ್ರೈವೋ, ಲ್ಯಾನೋ? ಮೂರನ್ನೂ ಬಳಸಿದ ಮೇಲೆ

ನಿಮ್ಮ ಹತ್ತಿರ ಹಳೆಯ ದಪ್ಪ ಪಿಎಸ್‌2 (ಸೋನಿಯ ಪ್ಲೇಸ್ಟೇಷನ್ 2 ಗೇಮ್ ಕನ್ಸೋಲ್) ಇದ್ದರೆ, ಗೇಮ್‌ಗಳನ್ನು ಇಡಲು ಅದರೊಳಗೆ ಹಾರ್ಡ್‌ಡಿಸ್ಕ್ ಹಾಕಿ. ಪೆನ್‌ಡ್ರೈವ್‌ಗೆ ಖರ್ಚು ಕಡಿಮೆ, ಲ್ಯಾನ್ ಕೇಬಲ್‌ಗೆ ಇನ್ನೂ ಕಡಿಮೆ. ಆದರೂ ಕೆಲಸ ಮುಗಿಸಿ ಬಂದು ಒಂದು ಗಂಟೆ ಆಡುವ ನನ್ನಂಥವರಿಗೆ ಹಾರ್ಡ್‌ಡಿಸ್ಕ್ ಕೊಡುವ ನೆಮ್ಮದಿಯನ್ನು ಬೇರೆ ಎರಡೂ ಕೊಡಲಿಲ್ಲ.

ನನ್ನದು 50000 ಸರಣಿಯ ಮಾಡೆಲ್. ಚಿಕ್ಕಪ್ಪ ದುಬೈಯಿಂದ ತಂದದ್ದು. ಲೇಸರ್‌ಗೆ ವಯಸ್ಸಾಗಿದೆ. ನೀಲಿ ಬೆನ್ನಿನ ಸಿಡಿ ಗೇಮ್‌ಗಳನ್ನು ಅದು ಓದುವುದೇ ಇಲ್ಲ, ಡಿವಿಡಿಗಳು ಮನಸ್ಸು ಬಂದಾಗ ಮಾತ್ರ. ನನ್ನ ಡಿಸ್ಕ್‌ಗಳೇನೋ ಚೆನ್ನಾಗಿವೆ. ಅವನ್ನು ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ಐಎಸ್‌ಒ, ಅಂದರೆ ಇಡೀ ಡಿಸ್ಕ್‌ನ ನಕಲು ಇರುವ ಒಂದೇ ಫೈಲ್, ಮಾಡಿಕೊಂಡೆ. ಮುಂದಿನದು ಮೂರು ದಾರಿಗೂ ಒಂದೇ: ಹೊರಗಿನ ತಂತ್ರಾಂಶ ಓಡಿಸಲು ಬಿಡುವ ಫ್ರೀ ಎಂಸಿಬೂಟ್ ಹಾಕಿದ ಮೆಮೊರಿ ಕಾರ್ಡ್, ಅದರ ಮೂಲಕ ಶುರುವಾಗಿ ಐಎಸ್‌ಒಗಳನ್ನು ಆಡಿಸುವ ಓಪನ್ ಪಿಎಸ್‌2 ಲೋಡರ್.

ಮೊದಲು ಪೆನ್‌ಡ್ರೈವ್. ಎಲ್ಲರೂ ಇಲ್ಲಿಂದಲೇ ಶುರು ಮಾಡುವುದು. ಆದರೆ ಪಿಎಸ್‌2ನಲ್ಲಿ ಇರುವುದು ಯುಎಸ್‌ಬಿ 1.1. ಸೆಕೆಂಡಿಗೆ 12 ಮೆಗಾಬಿಟ್ ಅಂತ ಲೆಕ್ಕ, ಕೈಗೆ ಸಿಗುವುದು ಹೆಚ್ಚುಕಡಿಮೆ ಒಂದು ಮೆಗಾಬೈಟ್. ಅದೇ ಕನ್ಸೋಲಿನ ಡಿವಿಡಿ ಡ್ರೈವ್ 4ಎಕ್ಸ್ ವೇಗದಲ್ಲಿ ಐದು ಮೆಗಾಬೈಟ್‌ಗಿಂತ ಜಾಸ್ತಿ ಓದುತ್ತದೆ. ಅಂದರೆ ಪೆನ್‌ಡ್ರೈವ್ ಹಾಕಿದರೆ ಡಿಸ್ಕ್‌ಗಿಂತಲೂ ನಿಧಾನ! ಕ್ರಿಕೆಟ್ 07 ತರಹದ ಗೇಮ್ ಪರವಾಗಿಲ್ಲ, ಮ್ಯಾಚ್ ಶುರುವಾದ ಮೇಲೆ ಅಷ್ಟಾಗಿ ಗೊತ್ತಾಗುವುದಿಲ್ಲ. ಕಥೆ ಇರುವ ಗೇಮ್‌ಗಳಲ್ಲಿ ಮಧ್ಯೆ ಬರುವ ವಿಡಿಯೊಗಳು ತುಂಡು ತುಂಡಾಗುತ್ತವೆ, ಮಾತು ಒಂದು ಕಡೆ, ಬಾಯಿ ಇನ್ನೊಂದು ಕಡೆ. ಜೊತೆಗೆ ಎಫ್‌ಎಟಿ32 ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಗಾಡ್ ಆಫ್ ವಾರ್ 2 ಎರಡು ಪದರದ ಡಿವಿಡಿ, ಹಾಗಾಗಿ ಅದನ್ನು ಕತ್ತರಿಸಿಯೇ ಹಾಕಬೇಕು. ಫೈಲ್ ಡ್ರೈವ್‌ನಲ್ಲಿ ಒಂದೇ ಕಡೆ ಇರದೆ ತುಂಡುಗಳಾಗಿ ಚದುರಿದ್ದರೂ ಲೋಡರ್ ತಕರಾರು ಮಾಡುತ್ತದೆ. ಈಗಿನ ಲೋಡರ್‌ಗಳು ಎಕ್ಸ್‌ಫ್ಯಾಟ್ ಫಾರ್ಮ್ಯಾಟನ್ನೂ ಒಪ್ಪುತ್ತವೆ, ಕತ್ತರಿಸುವ ಕೆಲಸ ತಪ್ಪುತ್ತದೆ. ವೇಗ ಮಾತ್ರ ಅಷ್ಟೇ.

ಮೆಮೊರಿ ಕಾರ್ಡ್ ಜಾಗದಲ್ಲಿ ಎಸ್‌ಡಿ ಕಾರ್ಡ್ ಕೂರಿಸುವ ಎಂಎಕ್ಸ್‌4ಎಸ್‌ಐಒ ಅಡಾಪ್ಟರ್ ಕೂಡ ಇದೆ. ಯುಎಸ್‌ಬಿಗಿಂತ ಸ್ವಲ್ಪ ಮೇಲು, ಅಷ್ಟೇ.

ಲ್ಯಾನ್ ನಿಜಕ್ಕೂ ಒಳ್ಳೆಯ ದಾರಿ. ಐಎಸ್‌ಒಗಳೆಲ್ಲ ಕಂಪ್ಯೂಟರಿನಲ್ಲೇ ಇರುತ್ತವೆ, ಪಿಎಸ್‌2 ಅವನ್ನು ಕೇಬಲ್ ಮೂಲಕ ಓದಿಕೊಳ್ಳುತ್ತದೆ. ವಿಡಿಯೊಗಳು ಸರಾಗವಾಗಿ ಓಡಿದವು. ತೊಂದರೆ ವಿಂಡೋಸ್ ಕಡೆಯದು. ಲೋಡರ್ ಮಾತಾಡುವುದು ಎಸ್‌ಎಂಬಿ1 ಅನ್ನುವ, ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಹಳೆಯ ಭಾಷೆಯಲ್ಲಿ. 2017ರಲ್ಲಿ ವಾನ್ನಾಕ್ರೈ ಅನ್ನುವ ಕಂಪ್ಯೂಟರ್ ವೈರಸ್ ಹರಡಿದ್ದು ಇದರಲ್ಲಿದ್ದ ತೂತಿನಿಂದಲೇ, ಅದೇ ವರ್ಷದಿಂದ ಹೊಸ ವಿಂಡೋಸ್ 10ರಲ್ಲಿ ಇದು ತಾನಾಗಿ ಬರುವುದಿಲ್ಲ. ಹುಡುಕಿ ಆನ್ ಮಾಡಬಹುದು. ಆದರೆ ಮನೆಯವರು ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರಿನಲ್ಲಿ ಆ ಬಾಗಿಲು ತೆರೆದಿಡಲು ನನಗೆ ಮನಸ್ಸಿಲ್ಲ. ಮೇಲಾಗಿ, ಆಡಬೇಕು ಅನ್ನಿಸಿದಾಗಲೆಲ್ಲ ಪಕ್ಕದ ಕೋಣೆಯ ಕಂಪ್ಯೂಟರೂ ಓಡುತ್ತಿರಬೇಕು.

ಇನ್ನು ಹಾರ್ಡ್‌ಡಿಸ್ಕ್. ದಪ್ಪ ಪಿಎಸ್‌2ನ ಬೆನ್ನಿನಲ್ಲಿ ಮೂರೂವರೆ ಇಂಚಿನ ಡಿಸ್ಕ್‌ಗೆ ಅಂತಲೇ ಸೋನಿ ಜಾಗ ಬಿಟ್ಟಿದೆ. 2004ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 40 ಜಿಬಿ ಡಿಸ್ಕ್ ಅನ್ನು ಫೈನಲ್ ಫ್ಯಾಂಟಸಿ 11 ಜೊತೆ 99 ಡಾಲರ್‌ಗೆ ಮಾರಿದರು. ಅದೇ ವರ್ಷದ ಕೊನೆಗೆ ತೆಳುವಾದ ಸ್ಲಿಮ್ ಮಾಡೆಲ್ ಬಂತು, ಆ ಜಾಗವೇ ಹೋಯಿತು. ಇಷ್ಟು ಚೆಂದದ ಯೋಚನೆಯನ್ನು ಅರ್ಧಕ್ಕೇ ಬಿಟ್ಟರಲ್ಲ ಅಂತ ನನಗೆ ಈಗಲೂ ಬೇಜಾರು.

ಡಿಸ್ಕ್ ಕೂರಿಸಲು ಪಿಎಸ್‌2ನ ಬೆನ್ನಿಗೆ ಸಿಕ್ಕಿಸುವ ನೆಟ್‌ವರ್ಕ್ ಅಡಾಪ್ಟರ್ ಬೇಕು. ನನ್ನ ತಲೆನೋವೆಲ್ಲ ಬಂದದ್ದು ಇಲ್ಲಿ. ಸೋನಿಯ ಅಸಲಿ ಅಡಾಪ್ಟರ್‌ನಲ್ಲಿ ಇರುವುದು ಹಳೆಯ ಐಡಿಇ ಕನೆಕ್ಟರ್. ಚೆನ್ನಾಗಿರುವ ಐಡಿಇ ಡಿಸ್ಕ್ ಈಗ ಸಿಗುವುದೇ ಕಷ್ಟ. ಅದಕ್ಕೆ ಆನ್‌ಲೈನ್‌ನಲ್ಲಿ ಹೆಸರಿಲ್ಲದ ಒಂದು ನಕಲಿ ಅಡಾಪ್ಟರ್ ತರಿಸಿದೆ, ಐಡಿಇಗಿಂತ ಹೊಸದಾದ ಸಾಟಾ ಕನೆಕ್ಟರ್ ಇರುವಂಥದ್ದು. ಹಳೆಯ ಲ್ಯಾಪ್‌ಟಾಪ್‌ನ 500 ಜಿಬಿ ಡಿಸ್ಕ್ ಮನೆಯಲ್ಲೇ ಇತ್ತು. ಮೊದಲ ಸಂಜೆ ಎಲ್ಲ ಸೊಗಸಾಗಿ ನಡೆಯಿತು. ಆಮೇಲೆ ಶುರುವಾಯಿತು ನೋಡಿ. ಒಮ್ಮೆ ಡಿಸ್ಕ್ ಕಾಣುತ್ತದೆ, ಇನ್ನೊಮ್ಮೆ ಗೇಮ್ ಪಟ್ಟಿಯೇ ಖಾಲಿ. ಆಟದ ಮಧ್ಯೆ ಪರದೆ ಕಲ್ಲಾಗಿಬಿಡುತ್ತದೆ. ಅಡಾಪ್ಟರ್ ಅನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮತ್ತೆ ಸರಿ.

ಡಿಸ್ಕ್ ಕೆಟ್ಟಿದೆಯಾ ಅಂತ ಕಂಪ್ಯೂಟರಿಗೆ ಹಾಕಿ ಪೂರ್ತಿ ಪರೀಕ್ಷೆ ಮಾಡಿದೆ, ಒಂದೂ ದೋಷ ಇಲ್ಲ. ಕನ್ಸೋಲಿನ ಕಡೆಯ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಬದಲಾಗಲಿಲ್ಲ. ಗಮನವಿಟ್ಟು ನೋಡಿದಾಗ ಕಾರಣ ಸಿಕ್ಕಿತು. ಎರಡೂವರೆ ಇಂಚಿನ ಡಿಸ್ಕ್‌ಗೆ ಕೆಳಗೆ ಯಾವ ಆಸರೆಯೂ ಇಲ್ಲ. ಅದು ಸಾಟಾ ಕನೆಕ್ಟರ್ ಒಂದನ್ನೇ ಹಿಡಿದು ನೇತಾಡುತ್ತದೆ. ಆ ಭಾರಕ್ಕೆ ಅಡಾಪ್ಟರ್ ಕೂಡ ಓರೆಯಾಗುತ್ತದೆ, ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಒಂದು ಬದಿ ಪೂರ್ತಿ ಕಚ್ಚುವುದಿಲ್ಲ. ಡಿಸ್ಕ್ ಅಡಿಗೆ ರಟ್ಟು ಮಡಚಿ ಇಟ್ಟೆ, ಸ್ವಲ್ಪ ಕಾಲ ನಡೆಯಿತು, ಮತ್ತೆ ಅದೇ ಕಥೆ.

ಇನ್ನೊಂದು ಕೊರತೆ ಇದಕ್ಕಿಂತ ಹೆಚ್ಚು ಕಾಡಿತು. ಆ ಅಡಾಪ್ಟರ್‌ನಲ್ಲಿ ಲ್ಯಾನ್ ಜಾಕ್ ಇಲ್ಲವೇ ಇಲ್ಲ! ಹಾಗಾಗಿ ಹೊಸ ಗೇಮ್ ಸೇರಿಸಬೇಕಾದರೆ ಪ್ರತಿ ಸಲ ಸ್ಕ್ರೂ ಬಿಚ್ಚಿ, ಡಿಸ್ಕ್ ತೆಗೆದು, ಕಂಪ್ಯೂಟರಿಗೆ ಜೋಡಿಸಬೇಕು. ಪಿಎಸ್‌2ನ ಡಿಸ್ಕ್ ವ್ಯವಸ್ಥೆ ವಿಂಡೋಸ್‌ಗೆ ಅರ್ಥವಾಗುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇನಿಶಿಯಲೈಸ್ ಮಾಡಲಾ ಅಂತ ಕೇಳುತ್ತದೆ. ಹೂಂ ಅಂದರೆ ಗೇಮ್‌ಗಳೆಲ್ಲ ಹೋದ ಹಾಗೇ. ಅಣ್ಣನ ಮಗ ಆ ಕಂಪ್ಯೂಟರಿನಲ್ಲಿ ಕೂತಿದ್ದಾಗಲೆಲ್ಲ ನನಗೆ ಅದೇ ಭಯ.

ಕೊನೆಗೆ ಅಸಲಿ ಸೋನಿ ಅಡಾಪ್ಟರ್ ಅನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ, ಜೊತೆಗೆ ಅದರ ಐಡಿಇ ಭಾಗದ ಜಾಗಕ್ಕೆ ಕೂರುವ ಒಂದು ಚಿಕ್ಕ ಸಾಟಾ ಬೋರ್ಡ್. ಬೆಸುಗೆ ಬೇಕಾಗಲಿಲ್ಲ. ಎರಡೂ ಸೇರಿ ನಕಲಿಯ ಎರಡು ಪಟ್ಟಿಗಿಂತ ಜಾಸ್ತಿ ಖರ್ಚಾಯಿತು. ಡಿಸ್ಕ್ ಅನ್ನು ಮೂರೂವರೆ ಇಂಚಿನ ಪ್ಲಾಸ್ಟಿಕ್ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದೆ. ಆಮೇಲೆ ಒಂದು ಸಲವೂ ಪಟ್ಟಿ ಖಾಲಿ ಬಂದಿಲ್ಲ. ಲ್ಯಾನ್ ಜಾಕ್ ಇರುವುದರಿಂದ ಎಚ್‌ಡಿಎಲ್ ಗೇಮ್ ಇನ್‌ಸ್ಟಾಲರ್ ಅನ್ನುವ ತಂತ್ರಾಂಶದ ಮೂಲಕ ಕೇಬಲ್‌ನಲ್ಲೇ ಗೇಮ್ ಕಳಿಸುತ್ತೇನೆ. ಎಸ್‌ಎಂಬಿ1ರ ಸಹವಾಸ ಇಲ್ಲ, ಡಿಸ್ಕ್ ಬಿಚ್ಚುವ ಕೆಲಸವೂ ಇಲ್ಲ. ಲೇಸರ್ ಚೆನ್ನಾಗಿದ್ದರೆ ಗೇಮ್‌ನ ಡಿವಿಡಿಯನ್ನು ಪಿಎಸ್‌2ಗೇ ಹಾಕಿ ಅಲ್ಲಿಂದಲೇ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಳ್ಳಬಹುದು.

ಲೋಡ್ ಆಗುವ ಸಮಯ ಹೆಚ್ಚಿನ ಗೇಮ್‌ಗಳಲ್ಲಿ ಕಡಿಮೆಯಾಯಿತು. ಡ್ರೈವ್‌ನ ಕರಕರ ಸದ್ದಿಲ್ಲ. ಸೇವ್‌ಗಳು ಮೊದಲಿನಂತೆ 8 ಎಂಬಿ ಮೆಮೊರಿ ಕಾರ್ಡ್‌ನಲ್ಲೇ. ಎಸ್‌ಎಸ್‌ಡಿ ಹಾಕಬೇಕಾ ಅಂತ ಕೇಳುವವರಿದ್ದಾರೆ. ನನಗೆ ಅದಕ್ಕೆ ದುಡ್ಡು ಹಾಕುವ ಅಗತ್ಯ ಕಾಣಲಿಲ್ಲ.

ನಿಮ್ಮದು ಸ್ಲಿಮ್ ಆಗಿದ್ದರೆ ಲ್ಯಾನ್ ಆರಿಸಿಕೊಳ್ಳಿ. ಎಸ್‌ಎಂಬಿ1ಗೆ ಅಂತ ಒಂದು ಹಳೆಯ ಲ್ಯಾಪ್‌ಟಾಪ್ ಬೇರೆ ಇಟ್ಟುಕೊಂಡು, ಇಂಟರ್ನೆಟ್ ಕೊಡದೆ, ನೇರ ಕೇಬಲ್ ಹಾಕಿ. ಒಂದೆರಡು ಗೇಮ್ ಮಾತ್ರ ಆಡುವವರಿಗೆ, ವಿಡಿಯೊ ತುಂಡಾದರೂ ಸರಿ ಅನ್ನುವವರಿಗೆ ಪೆನ್‌ಡ್ರೈವ್ ಸಾಕು. ದಪ್ಪ ಪಿಎಸ್‌2 ಇದ್ದವರು ನಕಲಿ ಅಡಾಪ್ಟರ್‌ಗೆ ಕೊಡುವ ದುಡ್ಡನ್ನು ಉಳಿಸಿಕೊಂಡು, ಅಸಲಿಯದು ಸಿಗುವವರೆಗೆ ಕಾಯಿರಿ.